ಬೇಡ ಅನ್ನುವವರು ಕಾರಣ ಬರೆದುಕೊಡಲಿ: ಮೇಷ್ಟ್ರುಗಳೂ ಆಡಳಿತವೂ ಮತ್ತೆ ನಂಬುವ ಬಗೆ

2012ರ ಜೂನ್ 10, ಭಾನುವಾರ. ಅಮೆರಿಕದ ವರ್ಜೀನಿಯಾ ವಿಶ್ವವಿದ್ಯಾಲಯದಲ್ಲಿ ಬೇಸಿಗೆ ರಜೆ. ವಿದ್ಯಾರ್ಥಿಗಳು ಮನೆಗೆ ಹೋಗಿದ್ದಾರೆ, ಮೇಷ್ಟ್ರುಗಳಲ್ಲೂ ಬಹಳ ಜನ ಊರಲ್ಲಿಲ್ಲ. ಅವತ್ತು ಇಮೇಲ್‌ನಲ್ಲಿ ಒಂದು ಸುದ್ದಿ ಬಂತು. ಅಧ್ಯಕ್ಷೆ ತೆರೇಸಾ ಸಲಿವನ್ ಹುದ್ದೆ ಬಿಡುತ್ತಿದ್ದಾರೆ. ನಮ್ಮಲ್ಲಿ ಕುಲಪತಿ ಇರುವ ಜಾಗದಲ್ಲಿ ಅಲ್ಲಿ ಅಧ್ಯಕ್ಷರು ಇರುತ್ತಾರೆ. ಸಲಿವನ್ ಆ ಹುದ್ದೆಗೆ ಬಂದ ಮೊದಲ ಮಹಿಳೆ. ಬಂದು ಎರಡು ವರ್ಷವೂ ತುಂಬಿರಲಿಲ್ಲ.

ಯಾಕೆ ಹೋಗುತ್ತಿದ್ದಾರೆ? ಆಡಳಿತ ಮಂಡಳಿಗೂ ಅವರಿಗೂ ‘ತಾತ್ವಿಕ ಭಿನ್ನಾಭಿಪ್ರಾಯ’ ಅಂತ ಉತ್ತರ ಬಂತು. ಅದರ ಅರ್ಥ ಏನು ಅಂತ ಯಾರೂ ಬಿಡಿಸಿ ಹೇಳಲಿಲ್ಲ. ಆಮೇಲೆ ಗೊತ್ತಾಗಿದ್ದು ಇಷ್ಟು: ಮಂಡಳಿಯ ಮುಖ್ಯಸ್ಥೆ ಹೆಲೆನ್ ಡ್ರೇಗಸ್ ಸದಸ್ಯರನ್ನು ಒಬ್ಬೊಬ್ಬರಾಗಿ ಮಾತಾಡಿಸಿ ಒಪ್ಪಿಗೆ ಪಡೆದಿದ್ದರು. ಮಂಡಳಿ ಈ ವಿಷಯಕ್ಕೆ ಅಂತ ಒಟ್ಟಿಗೆ ಕೂತು ಚರ್ಚೆ ಮಾಡಿರಲಿಲ್ಲ, ಮತ ಹಾಕಿರಲಿಲ್ಲ. ಮೇಷ್ಟ್ರುಗಳ ಪ್ರತಿನಿಧಿ ಸಭೆಯಾದ ಸೆನೆಟ್‌ಗಂತೂ ಸುಳಿವೇ ಇರಲಿಲ್ಲ. ಮಾಹಿತಿ ಹಕ್ಕಿನ ಕಾನೂನಿನ ಕೆಳಗೆ ವಿದ್ಯಾರ್ಥಿಗಳ ಪತ್ರಿಕೆ ಮಂಡಳಿಯವರ ಇಮೇಲ್‌ಗಳನ್ನು ಹೊರಗೆ ತಂದಿತು. ಆನ್‌ಲೈನ್ ಕೋರ್ಸುಗಳ ಬಗ್ಗೆ ಬಂದ ಪತ್ರಿಕಾ ಲೇಖನಗಳನ್ನು ಒಬ್ಬರಿಗೊಬ್ಬರು ಕಳಿಸಿಕೊಂಡು, ನಾವು ಹಿಂದೆ ಬಿದ್ದುಬಿಡ್ತೀವಿ ಅಂತ ಅವರು ಗಾಬರಿಯಾಗಿದ್ದು ಅದರಲ್ಲಿತ್ತು.

ಜೂನ್ 14ಕ್ಕೆ ಸೆನೆಟ್‌ನ ಕಾರ್ಯಕಾರಿ ಸಮಿತಿ ಆಡಳಿತ ಮಂಡಳಿಯ ಮೇಲೆ ಅವಿಶ್ವಾಸ ಗೊತ್ತುವಳಿ ಪಾಸು ಮಾಡಿತು. 18ರಂದು ಶುರುವಾದ ಮಂಡಳಿ ಸಭೆ ಮಧ್ಯರಾತ್ರಿ ದಾಟಿದ ಮೇಲೂ ನಡೆದು, ಕಾಮರ್ಸ್ ವಿಭಾಗದ ಡೀನ್ ಒಬ್ಬರನ್ನು ಹಂಗಾಮಿಯಾಗಿ ನೇಮಿಸಿತು. ಜನ ಇನ್ನಷ್ಟು ಸಿಟ್ಟಾದರು. ಮಂಡಳಿಯ ಉಪಮುಖ್ಯಸ್ಥರೇ ರಾಜೀನಾಮೆ ಕೊಟ್ಟು ಹೋದರು. ಕೊನೆಗೆ ರಾಜ್ಯಪಾಲರು, ನಮ್ಮ ಲೆಕ್ಕದಲ್ಲಿ ಮುಖ್ಯಮಂತ್ರಿ ಇದ್ದ ಹಾಗೆ, ‘26ರೊಳಗೆ ಬಗೆಹರಿಸಿ, ಇಲ್ಲಾಂದ್ರೆ ಇಡೀ ಮಂಡಳಿಯ ರಾಜೀನಾಮೆ ಕೇಳ್ತೀನಿ’ ಅನ್ನುವ ಅರ್ಥದ ಪತ್ರ ಬರೆದರು. 26ರಂದು ಮಂಡಳಿ ಸರ್ವಾನುಮತದಿಂದ ಸಲಿವನ್ ಅವರನ್ನು ವಾಪಸ್ ಕರೆಯಿತು.

ಇದು ಮೇಷ್ಟ್ರುಗಳು ಗೆದ್ದ ಕಥೆ ಅಂತ ಅಮೆರಿಕದಲ್ಲಿ ಜಾಸ್ತಿ ಹೇಳುತ್ತಾರೆ. ನನಗೆ ಕುತೂಹಲ ಇರುವುದು ಆಮೇಲಿನದರಲ್ಲಿ. ಸಲಿವನ್ ವಾಪಸ್ ಬಂದರು. ಡ್ರೇಗಸ್ ಕೂಡ ಮಂಡಳಿಯಲ್ಲೇ ಉಳಿದರು, ರಾಜ್ಯಪಾಲರು ಅವರನ್ನು ಮರುನೇಮಕ ಮಾಡಿದರು. ತೆಗೆದವರು, ತೆಗೆಸಿಕೊಂಡವರು ಇಬ್ಬರೂ ಅದೇ ಮೇಜಿನ ಸುತ್ತ ಕೂರಬೇಕು. ಅಲ್ಲಿಂದ ಮುಂದೆ ಕೆಲಸ ನಡೆಯೋದು ಹೇಗೆ?

ಸೌಹಾರ್ದ ಸಭೆ, ಚಹಾ ಕೂಟ, ‘ನಮ್ಮ ಬಾಗಿಲು ಸದಾ ತೆರೆದಿದೆ’ ಎಂಬ ಸುತ್ತೋಲೆ, ಇವು ಎಲ್ಲ ಕಡೆಯೂ ಆಗುತ್ತವೆ. ಕೆಟ್ಟದ್ದೇನಲ್ಲ. ಆದರೆ ಬಾಗಿಲು ತೆರೆದಿದ್ದರೂ ತೀರ್ಮಾನ ಬೇರೆ ಕೋಣೆಯಲ್ಲಿ ಆಗುತ್ತಿದ್ದರೆ ಏನು ಉಪಯೋಗ? ಮುರಿದ ನಂಬಿಕೆ ಮತ್ತೆ ಹುಟ್ಟಬೇಕಾದರೆ ಎರಡು ಪ್ರಶ್ನೆಗೆ ಎಲ್ಲರಿಗೂ ಒಂದೇ ಉತ್ತರ ಗೊತ್ತಿರಬೇಕು. ಯಾವ ವಿಷಯದಲ್ಲಿ ಕೊನೆಯ ಮಾತು ಯಾರದ್ದು? ಆ ಮಾತನ್ನು ಇನ್ನೊಬ್ಬರು ತಳ್ಳಿಹಾಕಿದರೆ ಅವರು ಏನು ಮಾಡಬೇಕು? ಈ ಎರಡನ್ನು ಕಾಗದದ ಮೇಲೆ ತಂದ ವ್ಯವಸ್ಥೆಗೆ ಅಮೆರಿಕದಲ್ಲಿ ಶೇರ್ಡ್ ಗವರ್ನೆನ್ಸ್ ಅನ್ನುತ್ತಾರೆ. ನಾವು ಕೂಡು ಆಡಳಿತ ಅನ್ನೋಣ.

ಕೂಡು ಆಡಳಿತ ಅಂದರೆ ಎಲ್ಲದಕ್ಕೂ ಎಲ್ಲರ ಮತವಲ್ಲ

1915ರಲ್ಲಿ ಅಮೆರಿಕದ ವಿಶ್ವವಿದ್ಯಾಲಯ ಪ್ರಾಧ್ಯಾಪಕರ ಸಂಘ ಶುರುವಾಯಿತು. ಮೊದಲ ಅಧ್ಯಕ್ಷ ಜಾನ್ ಡೂಯಿ, ಕೊಲಂಬಿಯಾದಲ್ಲಿ ಅಂಬೇಡ್ಕರ್ ಅವರಿಗೆ ಪಾಠ ಹೇಳಿದ ಅದೇ ಡೂಯಿ. ಅರ್ಧ ಶತಮಾನ ಕಳೆದ ಮೇಲೆ, 1966ರಲ್ಲಿ, ಈ ಸಂಘ ಇನ್ನೆರಡು ಸಂಸ್ಥೆಗಳ ಜೊತೆ ಕೂತು ಒಂದು ಹೇಳಿಕೆ ತಯಾರಿಸಿತು. ಒಂದು ಸಂಸ್ಥೆ ಕಾಲೇಜು ಮುಖ್ಯಸ್ಥರ ಕಡೆಯದು, ಇನ್ನೊಂದು ಆಡಳಿತ ಮಂಡಳಿಗಳ ಕಡೆಯದು. ಅಂದರೆ ಜಗಳವಾಡುವ ಮೂರೂ ಕಡೆಯವರು ಸೇರಿ ಬರೆದ ಕಾಗದ ಅದು. ಕಾನೂನಲ್ಲ. ಆದರೂ ಇವತ್ತಿಗೂ ಅಲ್ಲಿ ಜಗಳ ಬಂದಾಗ ಮೊದಲು ತೆಗೆದು ನೋಡುವುದು ಅದನ್ನೇ.

ಅದರ ಸಾರ ಸರಳ. ಸಂಸ್ಥೆಯ ಆಸ್ತಿ, ಹಣ, ಅಧ್ಯಕ್ಷರ ನೇಮಕ ಆಡಳಿತ ಮಂಡಳಿಯ ಕೈಲಿ. ದಿನನಿತ್ಯ ಸಂಸ್ಥೆಯನ್ನು ನಡೆಸುವುದು ಅಧ್ಯಕ್ಷರ ಕೆಲಸ. ಪಠ್ಯಕ್ರಮ, ಪಾಠ ಹೇಳುವ ಬಗೆ, ಸಂಶೋಧನೆ, ಮೇಷ್ಟ್ರುಗಳ ನೇಮಕ ಮತ್ತು ಬಡ್ತಿ, ಪದವಿಗೆ ಏನು ಓದಿರಬೇಕು ಎಂಬುದು, ಇವುಗಳಲ್ಲಿ ಮೊದಲ ಹೊಣೆ ಅಧ್ಯಾಪಕರದ್ದು. ಮುಂದಿನ ಹತ್ತು ವರ್ಷದ ಯೋಜನೆ, ಕಟ್ಟಡ, ಬಜೆಟ್‌ನಲ್ಲಿ ಯಾವುದಕ್ಕೆ ಆದ್ಯತೆ, ಹೊಸ ಅಧ್ಯಕ್ಷರ ಹುಡುಕಾಟ, ಇವು ಎಲ್ಲರೂ ಸೇರಿ ಮಾಡಬೇಕಾದವು.

ಇಲ್ಲಿ ಬಹಳ ಜನ ಎಡವುತ್ತಾರೆ. ಕೂಡು ಆಡಳಿತ ಅಂದ ಕೂಡಲೇ ‘ಹಾಗಾದ್ರೆ ಪಾರ್ಕಿಂಗ್ ಟೆಂಡರ್‌ಗೂ ಮೇಷ್ಟ್ರುಗಳು ಮತ ಹಾಕಬೇಕಾ?’ ಅಂತ ಆಡಳಿತದವರು ಕೇಳುತ್ತಾರೆ. ‘ನಮ್ಮನ್ನು ಕೇಳದೆ ಒಂದು ಕುರ್ಚಿಯೂ ಸರಿಯಬಾರದು’ ಅಂತ ಕೆಲವು ಮೇಷ್ಟ್ರುಗಳು ಹೊರಡುತ್ತಾರೆ. ಎರಡೂ ತಪ್ಪು. ರಸಾಯನಶಾಸ್ತ್ರ ಎಂಎಸ್ಸಿ ಎರಡನೇ ಸೆಮಿಸ್ಟರಿನಲ್ಲಿ ಏನಿರಬೇಕು ಅನ್ನುವುದು ರಸಾಯನಶಾಸ್ತ್ರ ಗೊತ್ತಿದ್ದವರಿಗೆ ಗೊತ್ತು. ಪಿಂಚಣಿ ನಿಧಿಯಲ್ಲಿ ಎಷ್ಟು ಕೊರತೆ ಇದೆ ಅನ್ನುವುದು ಹಣಕಾಸು ಅಧಿಕಾರಿಗೆ ಗೊತ್ತು. ಯಾರಿಗೆ ವಿಷಯ ಗೊತ್ತೋ, ಯಾರು ಅದರ ಫಲ ಉಣ್ಣಬೇಕೋ, ಅವರ ಮಾತಿಗೆ ಅಲ್ಲಿ ತೂಕ ಜಾಸ್ತಿ ಇರಬೇಕು. ಇಷ್ಟೇ.

ನಿಜವಾದ ಬಿಗಿ ಇರುವುದು ಆ ಹೇಳಿಕೆಯ ಇನ್ನೊಂದು ಮಾತಿನಲ್ಲಿ. ಅಧ್ಯಾಪಕರ ಹೊಣೆಗೆ ಸೇರಿದ ವಿಷಯದಲ್ಲಿ ಮಂಡಳಿಯಾಗಲಿ ಅಧ್ಯಕ್ಷರಾಗಲಿ ಅವರ ತೀರ್ಮಾನವನ್ನು ತಿರಸ್ಕರಿಸಬಹುದು. ಆದರೆ ಅದು ಅಪರೂಪಕ್ಕೆ ಆಗಬೇಕು, ಬಲವಾದ ಕಾರಣ ಇರಬೇಕು, ಆ ಕಾರಣವನ್ನು ವಿವರವಾಗಿ ತಿಳಿಸಬೇಕು. ಅಧಿಕಾರ ಕಿತ್ತುಕೊಂಡಿಲ್ಲ ನೋಡಿ. ಬೇಡ ಅನ್ನುವ ಹಕ್ಕು ಮೇಲಿನವರಿಗೆ ಹಾಗೇ ಇದೆ. ಸುಮ್ನೆ ಬೇಡ ಅನ್ನುವ ಹಕ್ಕು ಮಾತ್ರ ಇಲ್ಲ.

ಕಾರಣ ಬರೆಯಬೇಕು ಅಂದಾಗ ಮನುಷ್ಯ ಬೇರೆ ಥರ ಯೋಚಿಸುತ್ತಾನೆ. ‘ಮೇಲಿಂದ ಫೋನ್ ಬಂತು’ ಅಂತ ಬರೆಯೋಕೆ ಆಗಲ್ಲ. ‘ಅವರು ನಮ್ಮ ಗುಂಪಿನವರಲ್ಲ’ ಅಂತಲೂ ಬರೆಯೋಕೆ ಆಗಲ್ಲ. ಬರೆಯಲಾಗದ ಕಾರಣಗಳು ಅಲ್ಲೇ ಅರ್ಧ ಸಾಯುತ್ತವೆ. ವರ್ಜೀನಿಯಾದ ಮಂಡಳಿ ಜೂನ್ 10ರ ಮುಂಚೆಯೇ ಎರಡು ಪುಟ ಕಾರಣ ಬರೆಯಲು ಕೂತಿದ್ದರೆ, ಆ ಬೇಸಿಗೆಯ ಗಲಾಟೆಯೇ ಆಗುತ್ತಿರಲಿಲ್ಲವೇನೋ. ಆ ವರ್ಷದ ಡಿಸೆಂಬರ್‌ನಲ್ಲಿ ವಿಶ್ವವಿದ್ಯಾಲಯಕ್ಕೆ ಮಾನ್ಯತೆ ಕೊಡುವ ಸಂಸ್ಥೆಯೂ ಎಚ್ಚರಿಕೆ ನೀಡಿತು. ನಮ್ಮ ನ್ಯಾಕ್ ಒಂದು ವಿ.ವಿ.ಗೆ ‘ನಿಮ್ಮ ಸಿಂಡಿಕೇಟ್ ತೀರ್ಮಾನ ತಗೊಳ್ಳುವ ರೀತಿ ಸರಿಯಿಲ್ಲ’ ಅಂತ ಎಚ್ಚರಿಸುವುದನ್ನು ಊಹಿಸಿಕೊಳ್ಳಿ.

ಕುದುರೆ ಮೇಲೆ ಬರುತ್ತಿದ್ದ ಅಧ್ಯಕ್ಷರು

ಕೂಡು ಆಡಳಿತ ಅತಿ ಹೆಚ್ಚು ಬೇರೂರಿರುವ ಜಾಗಗಳಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ ಒಂದು. ಅದು ಯಾರೋ ಉದಾರಿಗಳು ಕೊಟ್ಟ ದಾನವಲ್ಲ, ಜಗಳದಿಂದ ಬಂದದ್ದು.

1899ರಿಂದ 1919ರವರೆಗೆ ಅಲ್ಲಿ ಬೆಂಜಮಿನ್ ಐಡ್ ವ್ಹೀಲರ್ ಅಧ್ಯಕ್ಷರಾಗಿದ್ದರು. ಆ ವಿಶ್ವವಿದ್ಯಾಲಯದ ಬರ್ಕ್ಲಿ ಕ್ಯಾಂಪಸ್ಸನ್ನು ಕುದುರೆ ಮೇಲೆ ಸುತ್ತುತ್ತಿದ್ದರು. ಕೆಲಸಕ್ಕೆ ಬರುವ ಮುಂಚೆಯೇ ಷರತ್ತು ಹಾಕಿದ್ದರು: ಮೇಷ್ಟ್ರುಗಳಿಗೂ ರೀಜೆಂಟರು ಎಂಬ ಆಡಳಿತ ಮಂಡಳಿಗೂ ನಡುವೆ ಮಾತು ತನ್ನ ಮೂಲಕವೇ ಹೋಗಬೇಕು, ನೇಮಕ, ವಜಾ, ಸಂಬಳದ ಪ್ರಸ್ತಾವ ತನ್ನಿಂದಲೇ ಬರಬೇಕು. ಒಳ್ಳೆಯ ಕೆಲಸವನ್ನೂ ಬಹಳ ಮಾಡಿದರು, ಅವರ ಕಾಲದಲ್ಲೇ ಬರ್ಕ್ಲಿ ದೊಡ್ಡದಾಗಿದ್ದು. ಆದರೆ ಎಲ್ಲ ದಾರಿಯೂ ಒಬ್ಬನೇ ಮನುಷ್ಯನ ಮೇಜಿನ ಮೇಲೆ ಹಾದುಹೋಗಬೇಕು. ಅವರು ಹೋದ ಕೂಡಲೇ ಮೇಷ್ಟ್ರುಗಳು ಒಟ್ಟಾದರು. ಒಂದು ವರ್ಷ ಎಳೆದಾಟ ಆಯಿತು. 1920ರ ಜೂನ್‌ನಲ್ಲಿ ರೀಜೆಂಟರು ತಮ್ಮ ಕಾಯಂ ನಿಯಮಗಳನ್ನೇ ತಿದ್ದಿದರು. ಕೋರ್ಸುಗಳ ಮೇಲೆ ಅಧ್ಯಾಪಕರ ಸೆನೆಟ್‌ಗೆ ಅಧಿಕಾರ ಬಂತು. ನೇಮಕ, ಬಡ್ತಿ, ವಜಾ ವಿಷಯದಲ್ಲಿ ಅಧ್ಯಕ್ಷರು ಸೆನೆಟ್‌ನ ಸಮಿತಿಯ ಸಲಹೆ ಕೇಳಲೇಬೇಕು ಅಂತಾಯಿತು. ಎಲ್ಲಕ್ಕಿಂತ ಮುಖ್ಯವಾದ ಇನ್ನೊಂದು ಇದೆ. ಸೆನೆಟ್ ತನ್ನ ಸಮಿತಿಗಳನ್ನು ತಾನೇ ಆರಿಸಿಕೊಳ್ಳಬಹುದು.

ಇದು ಸಣ್ಣ ವಿಷಯದ ಹಾಗೆ ಕಾಣುತ್ತೆ. ಅಲ್ಲ. ಮೇಷ್ಟ್ರುಗಳ ಪರವಾಗಿ ಯಾರು ಮಾತಾಡಬೇಕು ಅಂತ ಆಡಳಿತವೇ ಆರಿಸಿದರೆ, ಸಮಿತಿಯಲ್ಲಿ ಎಷ್ಟೇ ಜನ ಮೇಷ್ಟ್ರುಗಳಿದ್ದರೂ ಉಳಿದವರು ಅವರನ್ನು ‘ಆ ಕಡೆಯವರು’ ಅಂತಲೇ ನೋಡುತ್ತಾರೆ. ಕ್ಯಾಲಿಫೋರ್ನಿಯಾದಲ್ಲಿ ಇದಕ್ಕಾಗಿ ಒಂದು ಸಮಿತಿಗಳ ಸಮಿತಿ ಇದೆ. ಅದಕ್ಕೆ ಮೇಷ್ಟ್ರುಗಳು ಮತ ಹಾಕಿ ಸದಸ್ಯರನ್ನು ಆರಿಸುತ್ತಾರೆ. ಅದು ಉಳಿದ ಸಮಿತಿಗಳಿಗೆ ಜನರನ್ನು ಹಾಕುತ್ತದೆ. ಕೇಳೋಕೆ ತಮಾಷೆ ಅನ್ನಿಸಬಹುದು, ಆದರೆ ಇಡೀ ವ್ಯವಸ್ಥೆ ನಿಂತಿರುವುದು ಅದರ ಮೇಲೆ.

ಅಲ್ಲಿ ಒಬ್ಬ ಮೇಷ್ಟ್ರ ಬಡ್ತಿ ಹೇಗೆ ನಡೆಯುತ್ತದೆ ನೋಡಿ. ವಿಭಾಗದಲ್ಲಿ ಫೈಲು ತಯಾರಾಗುತ್ತದೆ: ಬರೆದ ಪ್ರಬಂಧಗಳು, ಪಾಠದ ಬಗ್ಗೆ ವಿದ್ಯಾರ್ಥಿಗಳ ಅಭಿಪ್ರಾಯ, ಬೇರೆ ವಿಶ್ವವಿದ್ಯಾಲಯಗಳ ವಿದ್ವಾಂಸರು ಬರೆದ ಪತ್ರಗಳು. ಆ ಪತ್ರ ಬರೆದವರ ಹೆಸರು ಗುಟ್ಟು. ಆದರೆ ಅಭ್ಯರ್ಥಿ ಕೇಳಿದರೆ ಗುರುತು ಮರೆಸಿ ಒಳಗಿನ ವಿಷಯ ತೋರಿಸುತ್ತಾರೆ. ವಿಭಾಗದವರು ಮತ ಹಾಕಿದ ಮೇಲೆ ಫೈಲು ಡೀನ್ ಬಳಿ ಹೋಗಿ, ಅಲ್ಲಿಂದ ಸೆನೆಟ್‌ನ ಸಮಿತಿಗೆ ಬರುತ್ತದೆ. ಬರ್ಕ್ಲಿಯಲ್ಲಿ ಅದನ್ನು ಬಜೆಟ್ ಸಮಿತಿ ಅಂತ ಕರೆಯುತ್ತಾರೆ. ಹೆಸರು ಬಜೆಟ್ಟಿನದು, ಕೆಲಸ ಮಾತ್ರ ನೇಮಕ ಮತ್ತು ಬಡ್ತಿಯ ಫೈಲು ಓದುವುದು. ಬೇರೆ ಬೇರೆ ವಿಭಾಗಗಳ ಹಿರಿಯ ಮೇಷ್ಟ್ರುಗಳು ಅದರಲ್ಲಿ ಕೂತು ಕ್ಯಾಂಪಸ್ಸಿನ ಫೈಲುಗಳನ್ನೆಲ್ಲ ಓದುತ್ತಾರೆ. ಭೌತಶಾಸ್ತ್ರದವರು ಸಂಗೀತ ವಿಭಾಗದ ಫೈಲು ಓದಬೇಕು. ಬೆನ್ನು ಮುರಿಯುವ ಕೆಲಸ, ಹೆಸರು ಬರುವಂಥದ್ದೂ ಅಲ್ಲ. ಸಮಿತಿ ತನ್ನ ಶಿಫಾರಸನ್ನು ಕ್ಯಾಂಪಸ್ಸಿನ ಮುಖ್ಯಸ್ಥರಿಗೆ, ಅಂದರೆ ಚಾನ್ಸೆಲರ್‌ಗೆ ಕಳಿಸುತ್ತದೆ. ಅವರು ಒಪ್ಪದಿರಬಹುದು. ಆಗ ಯಾಕೆ ಅಂತ ಸಮಿತಿಗೆ ತಿಳಿಸಿ, ಅದರ ಮಾತನ್ನು ಇನ್ನೊಮ್ಮೆ ಕೇಳಿ, ಆಮೇಲೆ ಆಜ್ಞೆ ಹೊರಡಿಸಬೇಕು.

ಬಡ್ತಿ ತಪ್ಪಿದವರಿಗೆ ಬೇಜಾರು ಅಲ್ಲೂ ಆಗುತ್ತದೆ. ಆದರೆ ‘ಅಧ್ಯಕ್ಷರಿಗೆ ನನ್ನ ಮುಖ ಕಂಡರೆ ಆಗಲ್ಲ’ ಅಂತ ಹೇಳೋದು ಕಷ್ಟ, ಯಾಕೆಂದರೆ ಅಷ್ಟು ಜೊತೆ ಕಣ್ಣು ಆ ಫೈಲಿನ ಮೇಲೆ ಆಡಿರುತ್ತವೆ.

ಕಾಗದ ಸಾಲದೆ ಹೋದಾಗ

ಇಷ್ಟೆಲ್ಲ ಇದ್ದೂ 1949ರಲ್ಲಿ ಅದೇ ಕ್ಯಾಲಿಫೋರ್ನಿಯಾದಲ್ಲಿ ಎಲ್ಲ ಕುಸಿಯಿತು. ಶೀತಲ ಸಮರದ ಕಾಲ. ‘ನಾನು ಕಮ್ಯುನಿಸ್ಟ್ ಅಲ್ಲ’ ಅಂತ ಪ್ರತಿ ಮೇಷ್ಟ್ರೂ ಪ್ರಮಾಣ ಮಾಡಿ ಸಹಿ ಹಾಕಬೇಕು ಅಂತ ರೀಜೆಂಟರು ಆ ವರ್ಷ ಗೊತ್ತುವಳಿ ತಂದರು. ಸಲಹೆ ಮಾಡಿದ್ದು ಅಧ್ಯಕ್ಷ ರಾಬರ್ಟ್ ಸ್ಪ್ರೌಲ್. ಅವರು ಮೇಷ್ಟ್ರುಗಳಿಗೆ ವೈರಿಯೇನಲ್ಲ. ದೊಡ್ಡ ಗಂಡಾಂತರ ತಪ್ಪಿಸಲು ಇದೊಂದು ಸಣ್ಣ ರಾಜಿ ಅಂದುಕೊಂಡಿದ್ದರು. ಮೇಷ್ಟ್ರುಗಳನ್ನು ಮೊದಲು ಕೇಳಲಿಲ್ಲ.

ಹೆಚ್ಚಿನವರು ಸಹಿ ಹಾಕಿದರು. ಕೆಲವರು ಹಾಕಲಿಲ್ಲ. ಅವರಲ್ಲಿ ಮನಃಶಾಸ್ತ್ರದ ದೊಡ್ಡ ಹೆಸರು ಎಡ್ವರ್ಡ್ ಟಾಲ್ಮನ್ ಮುಂದೆ ನಿಂತರು. ಸಹಿ ಹಾಕದವರು ಕಮ್ಯುನಿಸ್ಟರು ಅಂತ ಯಾರೂ ಆರೋಪ ಮಾಡಿರಲಿಲ್ಲ. ಅವರ ತಕರಾರು ಬೇರೆ: ಮೇಷ್ಟ್ರಾಗಲು ಯಾರು ಯೋಗ್ಯರು ಅಂತ ನೋಡುವುದು ಮೇಷ್ಟ್ರುಗಳ ಕೆಲಸ, ರಾಜಕೀಯ ಪರೀಕ್ಷೆಯದ್ದಲ್ಲ. ಸೆನೆಟ್‌ನ ಸಮಿತಿ ಅವರನ್ನು ಒಬ್ಬೊಬ್ಬರಾಗಿ ಕರೆದು ವಿಚಾರಿಸಿ, ಬಹುಪಾಲು ಜನರನ್ನು ಉಳಿಸಿಕೊಳ್ಳಿ ಅಂತ ಶಿಫಾರಸು ಮಾಡಿತು. 1950ರ ಆಗಸ್ಟ್ 25ರಂದು ರೀಜೆಂಟರು 12–10 ಮತಗಳಿಂದ ಆ ಶಿಫಾರಸನ್ನು ತಳ್ಳಿಹಾಕಿ 31 ಮಂದಿಯನ್ನು ಕೆಲಸದಿಂದ ತೆಗೆದರು. ಎರಡು ವರ್ಷ ಕಳೆದು, 1952ರಲ್ಲಿ ಕ್ಯಾಲಿಫೋರ್ನಿಯಾ ಸುಪ್ರೀಂ ಕೋರ್ಟ್ ಅವರ ಪರ ತೀರ್ಪು ಕೊಟ್ಟಿತು. ಮುಂದೆ ಬರ್ಕ್ಲಿಯಲ್ಲಿ ಮನಃಶಾಸ್ತ್ರ ಇದ್ದ ಕಟ್ಟಡಕ್ಕೆ ಟಾಲ್ಮನ್ ಅವರ ಹೆಸರನ್ನೇ ಇಟ್ಟರು.

ನಂಬಿಕೆ ಮರಳಿದ ಬಗೆ ನನಗೆ ಇಷ್ಟವಾಗುವ ಭಾಗ. ಆ ವಿಚಾರಣಾ ಸಮಿತಿಯಲ್ಲಿ ಕ್ಲಾರ್ಕ್ ಕೆರ್ ಎಂಬ ಕಿರಿಯ ಮೇಷ್ಟ್ರು ಇದ್ದರು, ಕಾರ್ಮಿಕ ಸಂಬಂಧಗಳ ವಿಷಯದವರು. ಅವರು ತಾವು ಸಹಿ ಹಾಕಿದ್ದರು. ಆದರೂ ಸಹಿ ಹಾಕದವರ ಪರವಾಗಿ ರೀಜೆಂಟರ ಎದುರಿಗೇ ನಿಂತು ಮಾತಾಡಿದರು. ತನಗೆ ಲಾಭವಿಲ್ಲದ ಕಡೆ ನಿಂತ ಈ ಮನುಷ್ಯನನ್ನು ಉಳಿದ ಮೇಷ್ಟ್ರುಗಳು ಮರೆಯಲಿಲ್ಲ. 1952ರಲ್ಲಿ ಬರ್ಕ್ಲಿಗೆ ಮೊದಲ ಬಾರಿ ಚಾನ್ಸೆಲರ್ ಹುದ್ದೆ ಬಂದಾಗ ಅವರ ಹೆಸರನ್ನು ಮುಂದಿಟ್ಟರು. ಅವರೇ ಆದರು. 1958ಕ್ಕೆ ಇಡೀ ವಿಶ್ವವಿದ್ಯಾಲಯದ ಅಧ್ಯಕ್ಷರೂ ಆದರು. ಮೇಷ್ಟ್ರುಗಳು ನಂಬಿದ ಒಬ್ಬರನ್ನು, ಮೇಷ್ಟ್ರುಗಳನ್ನು ಕೇಳಿ ಆ ಕುರ್ಚಿಯಲ್ಲಿ ಕೂರಿಸಿದ್ದು ಆ ಒಡಕಿಗೆ ಮೊದಲ ಔಷಧಿ. ಆದರೂ ವಜಾ ಆದವರಲ್ಲಿ ಎಲ್ಲರೂ ವಾಪಸ್ ಬರಲಿಲ್ಲ. ಕೆಲವರು ಅಷ್ಟರಲ್ಲಿ ಬೇರೆ ಕಡೆ ಬದುಕು ಕಟ್ಟಿಕೊಂಡಿದ್ದರು.

ಹಾಗಾದರೆ 1920ರ ನಿಯಮ ದಂಡವಾಯಿತೇ? ಹಾಗನ್ನಿಸಲ್ಲ. ಸಮಿತಿ ಒಂದು ಇದ್ದದ್ದರಿಂದಲೇ ಒಬ್ಬೊಬ್ಬರ ವಿಚಾರಣೆಯ ದಾಖಲೆ ಉಳಿಯಿತು, 12–10ರಷ್ಟು ಹತ್ತಿರದ ಮತವೂ ಬಂತು. ಹತ್ತು ಜನ ರೀಜೆಂಟರು ಮೇಷ್ಟ್ರುಗಳ ಕಡೆ ನಿಂತರು ಅನ್ನುವುದು ಸಣ್ಣದಲ್ಲ.

ವರ್ಜೀನಿಯಾದಲ್ಲೂ ಹೀಗೇ ಸ್ವಲ್ಪ ಸ್ವಲ್ಪವಾಗಿ ದುರಸ್ತಿ ನಡೆಯಿತು. ಮಂಡಳಿಯಲ್ಲಿ ಒಬ್ಬ ಮೇಷ್ಟ್ರಿಗೆ ಕುರ್ಚಿ ಸಿಕ್ಕಿತು, ಮತ ಮಾತ್ರ ಇಲ್ಲ. ಸಲಿವನ್ 2018ರವರೆಗೆ ಇದ್ದರು. ಆದರೆ 2025ರ ಜೂನ್‌ನಲ್ಲಿ ಅವರ ನಂತರದ ಅಧ್ಯಕ್ಷ ಜಿಮ್ ರಯನ್ ಕೇಂದ್ರ ಸರ್ಕಾರದ ಒತ್ತಡದಲ್ಲಿ ರಾಜೀನಾಮೆ ಕೊಟ್ಟರು. ಸೆನೆಟ್ ಮತ್ತೆ ಮಂಡಳಿಯ ಮೇಲೆ ಅವಿಶ್ವಾಸ ಸೂಚಿಸಿತು. ಮತವಿಲ್ಲದ ಒಂದು ಕುರ್ಚಿಯಿಂದ ಎಷ್ಟು ಆಗುತ್ತೆ, ಎಷ್ಟು ಆಗಲ್ಲ ಅಂತ ಇದರಿಂದ ಲೆಕ್ಕ ಹಾಕಬಹುದು.

ದುರಸ್ತಿ ಎಲ್ಲಿಂದ ಶುರು

ನಂಬಿಕೆ ಹೋದ ಸಂಸ್ಥೆಯಲ್ಲಿ ಮೊದಲು ತೆರೆಯಬೇಕಾದದ್ದು ಲೆಕ್ಕದ ಪುಸ್ತಕ ಅಂತ ನನ್ನ ಅಭಿಪ್ರಾಯ. ಜಗಳಗಳ ಬುಡದಲ್ಲಿ ಬಹಳ ಸಲ ಹಣ ಇರುತ್ತದೆ. ‘ದುಡ್ಡಿಲ್ಲ, ವಿಭಾಗ ಮುಚ್ಚಬೇಕು’ ಅಂತ ಆಡಳಿತ ಹೇಳುತ್ತದೆ. ‘ಹೊಸ ಗೇಟಿಗೆ ದುಡ್ಡಿತ್ತಲ್ಲ’ ಅಂತ ಮೇಷ್ಟ್ರುಗಳು ಕೇಳುತ್ತಾರೆ. ಗೇಟಿನ ದುಡ್ಡು ಯಾವುದೋ ನಿರ್ದಿಷ್ಟ ಅನುದಾನದಿಂದ ಬಂದಿರಬಹುದು, ಅದನ್ನು ಸಂಬಳಕ್ಕೆ ಮುಟ್ಟುವಂತಿಲ್ಲದೆ ಇರಬಹುದು. ಇದನ್ನು ಮೊದಲೇ ತೋರಿಸಿದ್ದರೆ ಅರ್ಧ ಅನುಮಾನ ಹುಟ್ಟುತ್ತಲೇ ಇರಲಿಲ್ಲ. ಬಜೆಟ್ ಕರಡಾಗಿರುವಾಗಲೇ ತೋರಿಸಬೇಕು. ಪಾಸಾದ ಮೇಲೆ ಪವರ್ ಪಾಯಿಂಟ್ ಹಾಕಿ ವಿವರಿಸುವುದಕ್ಕೆ ಸಮಾಲೋಚನೆ ಅನ್ನಲ್ಲ.

ಎರಡನೆಯದು ಸಮಯ. ರಜೆಯಲ್ಲಿ, ಪರೀಕ್ಷೆಯ ಮೌಲ್ಯಮಾಪನ ನಡೆಯುವಾಗ, ಸಭೆಯ ಹಿಂದಿನ ರಾತ್ರಿ ಕಳಿಸಿದ ಕಡತ, ಇವೆಲ್ಲ ಕಾಗದದ ಮೇಲೆ ಸರಿಯಾಗೇ ಇರುತ್ತವೆ. ಆದರೆ ಓದಲು ಸಮಯ ಕೊಡದೆ ಅಭಿಪ್ರಾಯ ಕೇಳಿದವರನ್ನು ಯಾರು ನಂಬುತ್ತಾರೆ?

ತುರ್ತು ಪರಿಸ್ಥಿತಿ ಇನ್ನೂ ಸೂಕ್ಷ್ಮ. ಕೋವಿಡ್ ಬಂದಾಗ ಅಮೆರಿಕದ ಅನೇಕ ಕಾಲೇಜುಗಳು ತುರ್ತು ಅಂತ ಹೇಳಿ ವಿಭಾಗಗಳನ್ನು ಮುಚ್ಚಿದವು, ಕಾಯಂ ಮೇಷ್ಟ್ರುಗಳನ್ನೂ ತೆಗೆದವು. ಪ್ರಾಧ್ಯಾಪಕರ ಸಂಘ ಅಂಥ ಎಂಟು ಸಂಸ್ಥೆಗಳ ಬಗ್ಗೆ ತನಿಖೆ ಮಾಡಿ 2021ರಲ್ಲಿ ವರದಿ ಕೊಟ್ಟಿತು. ಮನೆಯಿಂದ ಪಾಠ ಮಾಡಿ ಅಂತ ಒಂದೇ ರಾತ್ರಿಯಲ್ಲಿ ಹೇಳುವುದು ತುರ್ತು. ಹತ್ತು ವರ್ಷದಿಂದ ನಷ್ಟದಲ್ಲಿದ್ದ ವಿಭಾಗವನ್ನು ಆ ನೆಪದಲ್ಲಿ ಮುಚ್ಚುವುದು ತುರ್ತಲ್ಲ. ತುರ್ತು ಅಧಿಕಾರಕ್ಕೆ ಕೊನೆಯ ದಿನಾಂಕ ಇರಬೇಕು.

ಮೇಷ್ಟ್ರುಗಳ ಕಡೆಯ ತಪ್ಪೂ ಕಡಿಮೆಯಿಲ್ಲ. ಅಧಿಕಾರ ಬೇಕು, ಸಭೆಗೆ ಬರೋಕೆ ಪುರಸೊತ್ತಿಲ್ಲ. ಬಂದರೂ ಕಡತ ಓದಿರಲ್ಲ. ಸಹೋದ್ಯೋಗಿಯ ಕಳಪೆ ಕೆಲಸಕ್ಕೆ ‘ಹೋಗ್ಲಿ ಬಿಡಿ’ ಅಂತ ಒಳ್ಳೆಯ ಷರಾ ಬರೆದುಕೊಡುತ್ತಾರೆ. ಆಮೇಲೆ ಆಡಳಿತ ಆ ಷರಾವನ್ನು ನಂಬಲ್ಲ ಅಂದರೆ ಕೋಪ. ಬರ್ಕ್ಲಿಯ ಬಜೆಟ್ ಸಮಿತಿಯ ಮಾತಿಗೆ ತೂಕ ಬಂದದ್ದು ಅದು ತನ್ನವರಿಗೇ ‘ಇನ್ನೂ ಸಾಲದು’ ಅಂತ ಹೇಳಬಲ್ಲದ್ದರಿಂದ. ಇನ್ನೊಂದು, ಈ ಎಲ್ಲ ಚರ್ಚೆಯಲ್ಲಿ ‘ಮೇಷ್ಟ್ರುಗಳು’ ಅಂದರೆ ಯಾರು? ಅಮೆರಿಕದಲ್ಲಿ ಇವತ್ತು ಪಾಠ ಹೇಳುವವರಲ್ಲಿ ಮೂರನೇ ಎರಡರಷ್ಟು ಜನ ಕಾಯಂ ಆಗುವ ದಾರಿಯಲ್ಲೇ ಇಲ್ಲ, ಗುತ್ತಿಗೆಯವರು. ಬಹಳ ಕಡೆ ಅವರಿಗೆ ಸೆನೆಟ್‌ನಲ್ಲಿ ಜಾಗವಿಲ್ಲ. ನಮ್ಮಲ್ಲಿ ಅತಿಥಿ ಉಪನ್ಯಾಸಕರ ಸ್ಥಿತಿ ಗೊತ್ತೇ ಇದೆಯಲ್ಲ. ಹೆಚ್ಚು ಕ್ಲಾಸು ತೆಗೆದುಕೊಳ್ಳುವವರು ಹೊರಗೆ ನಿಂತಿರುವಾಗ ಒಳಗಿನವರು ಕೂಡು ಆಡಳಿತದ ಬಗ್ಗೆ ಮಾತಾಡುವುದು ಸ್ವಲ್ಪ ಮುಜುಗರದ ವಿಷಯವೇ.

ನಮ್ಮ ಮೇಜಿನ ಮೇಲೆ

ಕರ್ನಾಟಕದ ರಾಜ್ಯ ವಿಶ್ವವಿದ್ಯಾಲಯಗಳು ನಡೆಯುವುದು 2000ದ ಕಾಯ್ದೆಯ ಕೆಳಗೆ. ಆಡಳಿತ ನೋಡುವ ಸಿಂಡಿಕೇಟ್ ಇದೆ, ಓದು-ಪಾಠದ ವಿಷಯ ನೋಡುವ ವಿದ್ಯಾವಿಷಯಕ ಪರಿಷತ್ತು ಇದೆ, ಪ್ರತಿ ವಿಷಯಕ್ಕೂ ಅಧ್ಯಯನ ಮಂಡಳಿ ಇದೆ. ಹೆಸರು ನೋಡಿದರೆ ಕೊರತೆ ಏನಿಲ್ಲ. ಆದರೆ ಸಿಂಡಿಕೇಟ್‌ನ ಬಹುತೇಕ ಕುರ್ಚಿಗಳು ನಾಮನಿರ್ದೇಶನದಿಂದ, ಸರದಿಯಿಂದ, ಇಲ್ಲವೇ ಹುದ್ದೆಯ ಕಾರಣದಿಂದ ತುಂಬುತ್ತವೆ. ಸರ್ಕಾರ ಬದಲಾದರೆ ನಾಮನಿರ್ದೇಶಿತರೂ ಬದಲಾಗುವುದು ನಮಗೆ ಹೊಸದಲ್ಲ. ಕ್ಯಾಲಿಫೋರ್ನಿಯಾದವರು 1920ರಲ್ಲಿ ಹಟ ಹಿಡಿದು ಪಡೆದದ್ದು, ಅಂದರೆ ತಮ್ಮವರನ್ನು ತಾವೇ ಆರಿಸುವುದು, ಇಲ್ಲಿ ದುರ್ಬಲ.

ಅದರ ಫಲ ಏನು ಅಂತ ನಾಲ್ಕು ವರ್ಷದ ಪದವಿಯ ವಿಷಯದಲ್ಲಿ ನೋಡಿದ್ದೇವೆ. 2021–22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯಂತೆ ಪದವಿ ತರಗತಿಗಳ ರೂಪ ಬದಲಾಯಿತು. 2024ರ ಮೇನಲ್ಲಿ ರಾಜ್ಯ ಸರ್ಕಾರ ಮತ್ತೆ ಮೂರು ವರ್ಷಕ್ಕೆ ಮರಳಿತು. ಯಾವುದು ಸರಿ ಅನ್ನುವ ವಾದ ಬೇರೆ. ಎರಡು ಸಲವೂ ತೀರ್ಮಾನ ಮೇಲಿಂದ ಬಂತು, ಎರಡು ಸಲವೂ ಹೊಸ ಪಠ್ಯಕ್ರಮ ಬರೆಯುವ ಗಡಿಬಿಡಿ ಅಧ್ಯಯನ ಮಂಡಳಿಗಳಿಗೆ ಬಿತ್ತು. ದೆಹಲಿ ವಿಶ್ವವಿದ್ಯಾಲಯದಲ್ಲಿ ಇದಕ್ಕೂ ಮುಂಚೆ ಹೀಗೇ ಆಗಿತ್ತು. ಮೇಷ್ಟ್ರುಗಳ ವಿರೋಧದ ನಡುವೆ 2013ರಲ್ಲಿ ತಂದ ನಾಲ್ಕು ವರ್ಷದ ಪದವಿಯನ್ನು 2014ರಲ್ಲಿ ಯುಜಿಸಿ ಸೂಚನೆ ಮೇಲೆ ಕೈಬಿಟ್ಟರು. ಪೆಟ್ಟು ಬಿದ್ದದ್ದು ನಡುವೆ ಸೇರಿದ್ದ ಮಕ್ಕಳಿಗೆ.

ಹಾಗಂತ ನಮ್ಮ ಕಾನೂನಿನಲ್ಲಿ ಏನೂ ಇಲ್ಲ ಅಂತಲ್ಲ. 2009ರ ಕೇಂದ್ರೀಯ ವಿಶ್ವವಿದ್ಯಾಲಯಗಳ ಕಾಯ್ದೆಯ ಜೊತೆಗಿರುವ ಪರಿನಿಯಮಗಳನ್ನು ತೆಗೆದು ನೋಡಿ. ಕಲಬುರಗಿ ಹತ್ತಿರದ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯಕ್ಕೆ ಅನ್ವಯಿಸುವುದು ಅದೇ. ವಿದ್ಯಾವಿಷಯಕ ಪರಿಷತ್ತು ಕಳಿಸಿದ ಅಧ್ಯಾದೇಶದ, ಅಂದರೆ ವಿಶ್ವವಿದ್ಯಾಲಯದ ಒಳ ನಿಯಮದ, ಕರಡನ್ನು ಅಲ್ಲಿನ ಆಡಳಿತ ಮಂಡಳಿಯಾದ ಕಾರ್ಯಕಾರಿ ಪರಿಷತ್ತು ತಾನಾಗಿ ತಿದ್ದುವಂತಿಲ್ಲ. ತಿರಸ್ಕರಿಸಬಹುದು, ಇಲ್ಲವೇ ತನ್ನ ಸಲಹೆ ಸೇರಿಸಿ ಮರುಪರಿಶೀಲನೆಗೆ ವಾಪಸ್ ಕಳಿಸಬಹುದು. ವಿದ್ಯಾವಿಷಯಕ ಪರಿಷತ್ತು ಮೂರನೇ ಎರಡರ ಬಹುಮತದಿಂದ ಅದೇ ಕರಡನ್ನು ಮತ್ತೆ ಎತ್ತಿಹಿಡಿದರೆ, ಕಾರ್ಯಕಾರಿ ಪರಿಷತ್ತು ಒಪ್ಪಬೇಕು ಇಲ್ಲವೇ ವಿಸಿಟರ್‌ಗೆ, ಅಂದರೆ ರಾಷ್ಟ್ರಪತಿಗೆ ಕಳಿಸಬೇಕು. 1966ರ ಅಮೆರಿಕದ ಹೇಳಿಕೆ ಬರೀ ನೀತಿಯ ಮಾತು. ಇದು ಕಾನೂನು. ಬಳಸುವವರು ಎಷ್ಟು ಜನ ಅನ್ನುವುದು ಬೇರೆ ಪ್ರಶ್ನೆ.

ಇದೇ ಕಾಯ್ದೆಯಲ್ಲಿ ಇನ್ನೊಂದು ಬಾಗಿಲೂ ಇದೆ. ತಕ್ಷಣ ಕ್ರಮ ಬೇಕಾದ ವಿಷಯದಲ್ಲಿ ಕುಲಪತಿ ಯಾವುದೇ ಪ್ರಾಧಿಕಾರದ ಅಧಿಕಾರವನ್ನು ತಾವೇ ಚಲಾಯಿಸಿ, ಮುಂದಿನ ಸಭೆಗೆ ವರದಿ ಮಾಡಬಹುದು. ಇಂಥ ತುರ್ತು ಅಧಿಕಾರ ರಾಜ್ಯದ ಕಾಯ್ದೆಯಲ್ಲೂ ಇದೆ. ಕಚೇರಿಯಲ್ಲಿ ಇದಕ್ಕೆ ಘಟನೋತ್ತರ ಅನುಮೋದನೆ ಅನ್ನುತ್ತಾರೆ. ಪ್ರವಾಹ ಬಂದು ಪರೀಕ್ಷೆ ಮುಂದೂಡಬೇಕಾದಾಗ ಇಂಥದ್ದು ಬೇಕೇ ಬೇಕು. ಆದರೆ ಕಾರ್ಯಸೂಚಿಯ ಕೊನೆಯಲ್ಲಿ ‘ಅಧ್ಯಕ್ಷರ ಅನುಮತಿಯ ಮೇರೆಗೆ ಇತರೆ ವಿಷಯಗಳು’ ಎಂಬ ಸಾಲಿನ ಕೆಳಗೆ, ಊಟದ ಹೊತ್ತಿಗೆ, ಒಟ್ಟೊಟ್ಟಿಗೆ ಇಂಥ ಅನುಮೋದನೆಗಳು ಬಂದರೆ ಯಾ­ರೂ ತಲೆಯೆತ್ತಿ ನೋಡಲ್ಲ. ನಡಾವಳಿಯಲ್ಲಿ ‘ಸಭೆ ಚರ್ಚಿಸಿ ಅನುಮೋದಿಸಿತು’ ಅಂತ ಬರುತ್ತದೆ.

ಕಾಯ್ದೆ ತಿದ್ದುಪಡಿಗೆ ಕಾಯದೆ, ಮುಂದಿನ ಪರಿಷತ್ ಸಭೆಯಲ್ಲೇ ಒಬ್ಬ ಸದಸ್ಯರು ಎದ್ದು ಕೇಳಬಹುದಾದ ಒಂದು ವಿಷಯ ಇದೆ. ಕಳೆದ ಒಂದು ವರ್ಷದಲ್ಲಿ ತುರ್ತು ಅಧಿಕಾರದಲ್ಲಿ ಆದ ತೀರ್ಮಾನ ಎಷ್ಟು? ಪ್ರತಿಯೊಂದರಲ್ಲೂ ತುರ್ತು ಏನಿತ್ತು? ಒಂದೊಂದಕ್ಕೆ ಒಂದೇ ಸಾಲು ಸಾಕು, ದಿನಾಂಕದ ಜೊತೆ ಬರೆದು ಪಟ್ಟಿ ಕೊಡಿ ಅಂತ. ಒಳ್ಳೆಯ ಕುಲಪತಿಗೆ ಆ ಪಟ್ಟಿ ಕೊಡಲು ಕಷ್ಟವಿಲ್ಲ, ಅರ್ಧ ಗಂಟೆಯ ಕೆಲಸ. ಕೊಟ್ಟರೆ, ಅದಕ್ಕೆ ಪ್ರತಿಯಾಗಿ ಪರಿಷತ್ತೂ ಒಂದು ಪಟ್ಟಿ ಕೊಡಬೇಕಾಗುತ್ತದೆ: ತನ್ನ ಬಳಿ ಆರು ತಿಂಗಳಿಂದ ಕೊಳೆಯುತ್ತಿರುವ ಕಡತಗಳು ಯಾವುವು, ಪ್ರತಿ ಸಭೆಗೂ ಎಷ್ಟು ಸದಸ್ಯರು ಬಂದಿದ್ದರು. ಎರಡೂ ಪಟ್ಟಿಗಳು ಒಂದೇ ನಡಾವಳಿಯಲ್ಲಿ ಅಕ್ಕಪಕ್ಕ ದಾಖಲಾಗಲಿ.